ಬೋರ್ಡಿಗೆ ಬಂತಾ ಅಕ್ಕ?

ಮೊನ್ನೆ ಉಡುಪಿಯಿಂದ ಮನೆಗೆ ಬರುವಾಗ ಬಸ್ಸಲ್ಲಿ ಪಕ್ಕದ ಸೀಟಿನವರು ಮೆಲ್ಲ ಕೇಳಿದರು, "ಆ ಕೊಲೆ ಕೇಸಲ್ಲಿ ನಿಮ್ಮ ತಮ್ಮನನ್ನು ಸಂಶಯದ ಲಾಭದಲ್ಲಿ ಬಿಟ್ಟದ್ದಲ್ವಾ?" ಹೌದು ಅಂದೆ. ಅವರು "ಹಾಂ" ಅಂದು ಕಿಟಕಿ ಕಡೆ ತಿರುಗಿದರು. ಆ "ಹಾಂ" ತಲೆಯಲ್ಲೇ ಕೂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಮ್ಮನ ಹೆಸರು ಹಾಕುವುದಿಲ್ಲ. ಯಾವ ಬಂದರು ಅಂತಲೂ ಹೇಳುವುದಿಲ್ಲ. ಊರಿನವರಿಗೆ ಹೇಗೂ ಗೊತ್ತುಂಟು.

ಅವನು ಮೀನಿನ ಲಾರಿ ಓಡಿಸುತ್ತಿದ್ದ. 2013ರ ಫೆಬ್ರವರಿಯ ಒಂದು ರಾತ್ರಿ ಐಸ್ ಪ್ಲಾಂಟಿನ ಹಿಂದೆ ಬೋಟಿನ ಒಬ್ಬ ಕೆಲಸಗಾರನ ಜೊತೆ ಕೂತು ಕುಡಿದಿದ್ದ. ಬೆಳಿಗ್ಗೆ ಆ ಮನುಷ್ಯ ಅಲ್ಲೇ ಹತ್ತಿರ ಸತ್ತು ಬಿದ್ದಿದ್ದ. ಚೂರಿಯ ಗಾಯ. ಅವನು ತಮ್ಮನಿಗೆ 3,000 ರೂಪಾಯಿ ಕೊಡಬೇಕಿತ್ತು, ಅದಕ್ಕೆ ಹಿಂದಿನ ವಾರ ಇಬ್ಬರಿಗೂ ಜೋರು ಮಾತಾಗಿತ್ತು. ಇದೆಲ್ಲ ನಿಜ, ನಾವು ಯಾವತ್ತೂ ಇಲ್ಲ ಅನ್ನಲಿಲ್ಲ. ಕೊಂದದ್ದನ್ನು ನೋಡಿದವರು ಯಾರೂ ಇಲ್ಲ. ಕೊನೆಗೆ ಜೊತೆಯಲ್ಲಿ ಕಂಡವನು ಇವನು, ಜಗಳ ಇತ್ತು, ಇವನೇ ತೋರಿಸಿದ ಜಾಗದಲ್ಲಿ ಚೂರಿ ಸಿಕ್ಕಿತು. ಕೇಸು ನಿಂತದ್ದು ಈ ಮೂರರ ಮೇಲೆ.

ಚೂರಿಯ ಬಗ್ಗೆ ಒಂದು ಮಾತು. ಅದು ಮೀನು ಕೊಯ್ಯುವ ಚೂರಿ. ಬಂದರಿನಲ್ಲಿ ಅಂಥದ್ದು ಎಷ್ಟು ಬೇಕಾದರೂ ಉಂಟು. ಲ್ಯಾಬಿನವರು ಮನುಷ್ಯರ ರಕ್ತ ಹೌದು ಅಂದರು, ಯಾವ ಗುಂಪು ಅಂತ ಗೊತ್ತಾಗುವುದಿಲ್ಲ ಅಂದರು. ಮೀನು ಕೊಯ್ಯುವವರು ವಾರಕ್ಕೊಮ್ಮೆಯಾದರೂ ಕೈ ಕೊಯ್ದುಕೊಳ್ಳುತ್ತಾರೆ, ನಮ್ಮ ಅಮ್ಮನನ್ನೇ ಕೇಳಿ.

ಮೂರು ವರ್ಷ ಹಿರಿಯಡಕದ ಜೈಲಲ್ಲಿ ವಿಚಾರಣಾಧೀನ ಕೈದಿಯಾಗಿದ್ದ. 2016ರ ಅಕ್ಟೋಬರಿನಲ್ಲಿ ಕೆಳಗಿನ ಕೋರ್ಟಿನಲ್ಲಿ ಜೀವಾವಧಿ ಶಿಕ್ಷೆ ಆಯಿತು. ಶಿಕ್ಷಾ ಬಂದಿ ಅಂತಾದ ಮೇಲೆ ಶಿವಮೊಗ್ಗದ ಸೆಂಟ್ರಲ್ ಜೈಲಿಗೆ ಕಳಿಸಿದರು. ತೀರ್ಪು ಓದಿದ ದಿನ ಸತ್ತವನ ಹೆಂಡತಿ ನಮ್ಮ ಎದುರಿನ ಬೆಂಚಿನಲ್ಲೇ ಇದ್ದರು. ಅತ್ತರು. ಅಮ್ಮನೂ ಅತ್ತಳು. ಇಬ್ಬರಿಗೂ ಒಂದೇ ಬಾಟಲಿಯಿಂದ ನೀರು ಕೊಟ್ಟದ್ದು ಒಬ್ಬ ಮಹಿಳಾ ಪೊಲೀಸ್.

ಅಲ್ಲಿಂದ ಶುರುವಾಯಿತು ಅಪೀಲು.

ಸೆಷನ್ಸ್ ಕೋರ್ಟಿನ ಶಿಕ್ಷೆಯ ಮೇಲೆ ಹೈಕೋರ್ಟಿಗೆ ಹೋಗಬೇಕು. 60 ದಿನದ ಒಳಗೆ. ಆಗ ಅದು ಸಿಆರ್‌ಪಿಸಿ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಕಾನೂನು, ಅದರ 374ನೆಯ ಸೆಕ್ಷನ್. 2024ರ ಜುಲೈ 1ರಿಂದ ಕಾನೂನಿನ ಹೆಸರೂ ನಂಬರೂ ಬದಲಾಗಿ ಈಗ ಬಿಎನ್‌ಎಸ್‌ಎಸ್ 415. ಧಾರವಾಡ, ಕಲಬುರಗಿಯವರಿಗೆ ಹತ್ತಿರದಲ್ಲೇ ಹೈಕೋರ್ಟ್ ಪೀಠ ಉಂಟು. ಉಡುಪಿ, ಮಂಗಳೂರಿನವರು ಬೆಂಗಳೂರಿಗೇ ಹೋಗಬೇಕು. ಅಪೀಲು 60 ದಿನದೊಳಗೆ ಹಾಕಿಯಾಯಿತು. ಅಮ್ಮನ ಎರಡು ಬಳೆ ಅಲ್ಲಿಗೆ ಮುಗಿಯಿತು. ಇನ್ನು ಆರು ತಿಂಗಳಲ್ಲಿ ಏನಾದರೂ ಆಗುತ್ತದೆ ಅಂತ ನಾವು. ಎಂಥ ದಡ್ಡರು ಮಾರಾಯ್ರೆ!

ಆಗ ಗೊತ್ತಾದ ಶಬ್ದಗಳು: ಎಲ್‌ಸಿಆರ್, ಅಂದರೆ ಕೆಳಗಿನ ಕೋರ್ಟಿನ ದಾಖಲೆ. ಅದು ಬರಬೇಕು. ಆಮೇಲೆ ಪೇಪರ್ ಬುಕ್. ಸಾಕ್ಷಿಗಳ ಹೇಳಿಕೆ, ಮಹಜರು, ತೀರ್ಪು ಎಲ್ಲ ಸೇರಿಸಿ ಪುಟ ನಂಬರು ಹಾಕಿದ ಪುಸ್ತಕ. ಅದು ಆಗಬೇಕು. ಆಮೇಲೆ ಬೋರ್ಡಿಗೆ ಬರಬೇಕು. ಬೋರ್ಡ್ ಅಂದರೆ ಆ ದಿನ ಕೋರ್ಟ್ ಕೈಗೆತ್ತಿಕೊಳ್ಳುವ ಕೇಸುಗಳ ಪಟ್ಟಿ. ಅದನ್ನು ಮೊಬೈಲಲ್ಲೇ ನೋಡಬಹುದು. ಸೊಸೈಟಿಯಲ್ಲಿ ದಿನದ ಕ್ಯಾಶ್ ಟ್ಯಾಲಿ ಮಾಡಿ, ಮನೆಗೆ ಬಂದು, ಟೀಗೆ ನೀರಿಟ್ಟು ನಾನು ಮೊದಲು ನೋಡುತ್ತಿದ್ದದ್ದು ಅದನ್ನೇ. ಎಷ್ಟೋ ಸಲ ನೀರು ಬತ್ತಿ ಪಾತ್ರೆ ಸೀದದ್ದುಂಟು. ಬಂದರೂ ಮುಂದಿನ ವಾಯಿದೆ. ಒಮ್ಮೆ ನಮ್ಮ ವಕೀಲರಿಲ್ಲ, ಒಮ್ಮೆ ಸರಕಾರಿ ವಕೀಲರು ಸಮಯ ಕೇಳಿದರು, ಹೆಚ್ಚಿನ ಸಲ ನಮ್ಮ ನಂಬರು ಬರುವ ಮೊದಲೇ ಸಂಜೆ ಆಯಿತು.

ತಿಂಗಳಿಗೊಮ್ಮೆ ಶಿವಮೊಗ್ಗ. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ಬಿಡುವುದಿಲ್ಲ, ಮಿನಿ ಬಸ್ಸೇ ಗತಿ. 14 ತಿರುವು. ಅಮ್ಮನಿಗೆ ಐದನೆಯ ತಿರುವಿಗೇ ವಾಂತಿ. ಲಿಂಬೆಹುಳಿ ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿ ಕೂರುವುದು. ಅಷ್ಟು ಕಷ್ಟಪಟ್ಟು ಹೋದರೆ ಮಗನ ಜೊತೆ ಸಿಗುವುದು ಸ್ವಲ್ಪ ಹೊತ್ತು, ನಡುವೆ ಜಾಲರಿ, ಅಕ್ಕಪಕ್ಕದಲ್ಲಿ ಎಲ್ಲರೂ ಒಟ್ಟಿಗೆ ಕಿರುಚುವುದು. ನಾವು ತುಳುವಿನಲ್ಲಿ ಮಾತಾಡುತ್ತಿದ್ದೆವು. ಒಬ್ಬ ವಾರ್ಡರ್ ಇದ್ದರು, ನಮ್ಮ ಕಡೆಯವರೇ ಇರಬೇಕು. ಅಮ್ಮ ಸೊಸೆ ಹುಡುಕುವ ವಿಷಯ ತೆಗೆದಾಗ ಆಚೆ ತಿರುಗಿ ನಗುತ್ತಿದ್ದರು.

ತಮ್ಮ ಮಾತ್ರ ನಗುತ್ತಿರಲಿಲ್ಲ. ಅವನದ್ದು ಒಂದೇ ಪ್ರಶ್ನೆ. "ಬೋರ್ಡಿಗೆ ಬಂತಾ ಅಕ್ಕ?"

ಊರಿನಲ್ಲಿ ಹಿತೈಷಿಗಳು ಬೇರೆ. "ಅಪೀಲು ಗಿಪೀಲು ಯಾಕೆ, 14 ವರ್ಷ ಆದರೆ ಹೇಗೂ ಬಿಡ್ತಾರೆ." ಅದು ಹಾಗಿಲ್ಲ. ಜೀವಾವಧಿ ಅಂದರೆ ಜೀವ ಇರುವವರೆಗೆ. ಇಂಥ ಕೇಸಿನಲ್ಲಿ 14 ವರ್ಷ ಒಳಗಿರದೆ ಸರಕಾರ ಬಿಡುವ ಹಾಗಿಲ್ಲ ಅಂತಷ್ಟೇ ಕಾನೂನು ಹೇಳುವುದು. ಅಷ್ಟಾದ ಮೇಲೂ ಬಿಟ್ಟರೆ ಬಿಟ್ಟರು. ತಮ್ಮನಿಗೆ ನಾನೇ ಒಮ್ಮೆ ಹೇಳಿದೆ, ಸನ್ನಡತೆಯ ಪಟ್ಟಿಯಲ್ಲಿ ಮುಂದೆ ನಿನ್ನ ಹೆಸರೂ ಬರಬಹುದು ಅಂತ. ಅವನಿಗೆ ಸಿಟ್ಟು ಬಂತು. "ಸನ್ನಡತೆ ಅಂತ ಬಿಟ್ಟರೆ ನಾನು ಕೊಂದದ್ದು ಹೌದು ಅಂತ ಆಗ್ತದೆ. ನನಗೆ ಬೇಡ." ಜಾಲರಿಗೆ ಬೆರಳು ಸಿಕ್ಕಿಸಿಕೊಂಡು ಹೇಳಿದ. ಉಗುರು ಬೆಳ್ಳಗಾಗಿತ್ತು.

2018ರಲ್ಲಿ ದುಡ್ಡು ಪೂರ್ತಿ ಖಾಲಿ. ಆಗಷ್ಟೇ ಗೊತ್ತಾಯಿತು, ಬಂಧನದಲ್ಲಿ ಇರುವವರಿಗೆ ಸರಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಲ್ಲೇ ಅದುಂಟು ಅಂತ. ಇದನ್ನು ಎರಡು ಬಳೆ ಮೊದಲೇ ಯಾರಾದರೂ ಹೇಳಬಾರದಿತ್ತಾ? ಹಾಗೆ ಸಿಕ್ಕವರು ಒಬ್ಬ ಚಿಕ್ಕ ಪ್ರಾಯದ ವಕೀಲೆ. ಪುಕ್ಕಟೆ ವಕೀಲರು ಕೆಲಸ ಮಾಡುವುದಿಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಇವರು ಮಾಡಿದರು.

ಆ ವರ್ಷ ನಾನು ಕೇಸಿನ ಕಾಗದಗಳ ಜೆರಾಕ್ಸ್ ಇಟ್ಟುಕೊಂಡು ಓದಲು ಕೂತೆ. ನನಗೆ ಕಾನೂನು ಗೊತ್ತಿಲ್ಲ. ಆದರೆ ಹದಿನೆಂಟು ವರ್ಷ ವೋಚರ್ ನೋಡಿದ ಕಣ್ಣು. ರಾತ್ರಿ ಊಟ ಆದ ಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ಪುಟ. ಮೂರನೆಯ ವಾರವೋ ಏನೋ, ಒಂದು ಕಡೆ ಪೆನ್ಸಿಲ್ ನಿಂತಿತು. ಚೂರಿ ವಶಪಡಿಸಿಕೊಂಡ ಮಹಜರಿನಲ್ಲಿ ಸಮಯ ಬೆಳಿಗ್ಗೆ 10.30. ತನಿಖಾಧಿಕಾರಿ ಪಾಟೀಸವಾಲಿನಲ್ಲಿ ಹೇಳಿದ್ದಾರೆ, ಆರೋಪಿಯ ಸ್ವಇಚ್ಛಾ ಹೇಳಿಕೆ ಬರೆದುಕೊಂಡದ್ದು 11.40ಕ್ಕೆ.

ಚೂರಿ ಎಲ್ಲಿದೆ ಅಂತ ತಮ್ಮ ಹೇಳಿದ್ದು 11.40ಕ್ಕೆ. ಅದು ಸಿಕ್ಕಿದ್ದು 10.30ಕ್ಕೆ.

ನಮ್ಮ ಸೊಸೈಟಿಯಲ್ಲಿ ಬಿಲ್ಲಿಗಿಂತ ಮೊದಲಿನ ತಾರೀಕಿನ ವೋಚರ್ ಸಿಕ್ಕಿದರೆ ಆಡಿಟರ್ ಪೆನ್ನು ಕೆಳಗಿಟ್ಟು ಕನ್ನಡಕ ತೆಗೆಯುತ್ತಾರೆ. ನನಗೆ ಬೆವರು ಬಂತು. ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತು ಸಿಕ್ಕಿದರೆ ಮಾತ್ರ ಆ ಮಾಹಿತಿಗೆ ಬೆಲೆ, ಆಗಿನ ಸಾಕ್ಷ್ಯ ಕಾಯ್ದೆಯ 27ನೆಯ ಸೆಕ್ಷನ್ ಅದನ್ನೇ ಹೇಳುತ್ತಿದ್ದದ್ದು. ಮೊದಲೇ ಸಿಕ್ಕಿದ್ದರೆ ಇವನು ತೋರಿಸಿದ್ದೇನು? ಮಾರನೇ ದಿನ ರಜೆ ಹಾಕಿ ರಾತ್ರಿ ಬಸ್ಸು ಹತ್ತಿದೆ. ಶಿರಾಡಿ ಘಾಟಿಯುದ್ದಕ್ಕೂ ಆ ಎರಡು ಪುಟ ಎದೆಗೆ ಒತ್ತಿಕೊಂಡು ಕೂತಿದ್ದೆ. ಬೆಂಗಳೂರಿನಲ್ಲಿ ವಕೀಲೆಯ ಮೇಜಿನ ಮೇಲೆ ಇಟ್ಟೆ. ಅವರು ನೋಡಿ ಮೆಲ್ಲ ಅಂದರು, "ಗೊತ್ತಿದೆ ಮೇಡಂ. ಅಪೀಲಿನಲ್ಲಿ ಒಂಬತ್ತನೆಯ ಗ್ರೌಂಡೇ ಅದು. 2016ರಲ್ಲೇ ಹಾಕಿದ್ದಾರೆ."

ಅಂದರೆ ನಾನು ಕಂಡುಹಿಡಿದದ್ದು ಏನೂ ಇಲ್ಲ. ಎಲ್ಲ ಮೊದಲೇ ಇತ್ತು. ಅದನ್ನು ಕೇಳುವ ದಿನ ಮಾತ್ರ ಬಂದಿರಲಿಲ್ಲ. ಅವತ್ತು ವಾಪಸ್ ಬರುವಾಗ ನನಗೆ ಅಳು ಬಂದದ್ದು ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ.

ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಅಂತ ಸಿಆರ್‌ಪಿಸಿ 389ರಲ್ಲಿ ಎರಡು ಸಲ ಅರ್ಜಿ ಹಾಕಿದ್ದು ಬಿದ್ದುಹೋಯಿತು. 2019ರಲ್ಲಿ ಅಪ್ಪ ಹೋದರು. ತಮ್ಮನನ್ನು ಪೊಲೀಸ್ ಕಾವಲಿನಲ್ಲಿ ಕರೆತಂದರು. ಚಿತೆಗೆ ಬೆಂಕಿ ಕೊಟ್ಟು, ಒದ್ದೆ ಪಂಚೆಯಲ್ಲೇ ಜಗಲಿಯಲ್ಲಿ ಕೂತ. ಅಮ್ಮ ಅಷ್ಟು ದುಃಖದಲ್ಲೂ ಕಾವಲಿನ ಇಬ್ಬರು ಪೊಲೀಸರಿಗೆ ಊಟ ಆಯ್ತಾ ಅಂತ ಕೇಳಿದಳು. 2020ರಲ್ಲಿ ಕೊರೊನಾ ಬಂತು, ಮುಲಾಕಾತ್, ಅಂದರೆ ಜೈಲಿನ ಭೇಟಿ, ನಿಂತಿತು. ಜೈಲಿನಲ್ಲಿ ಜನ ಕಡಿಮೆ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ಆಸೆ ಹುಟ್ಟಿತ್ತು. ಅದು ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳವರಿಗೆ ಅಂತ ಗೊತ್ತಾಗಿ ಅದೂ ಹೋಯಿತು.

ಅಮ್ಮನಿಗೆ ಅವಳದ್ದೇ ಇನ್ನೊಂದು ಹೈಕೋರ್ಟ್ ಇತ್ತು. ಮಗ ಬಂದರೆ ಕಟೀಲು ದೇವಸ್ಥಾನದ ಮೇಳದ ಯಕ್ಷಗಾನ ಆಟ ಆಡಿಸುತ್ತೇನೆ ಅಂತ ಹರಕೆ. ಕಟೀಲಿನ ಆಟ ಗೊತ್ತಲ್ಲ, ಇವತ್ತು ಬರೆಸಿದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. 2017ರಲ್ಲಿ ಹೋಗಿ ಬರೆಸಿ ಬಂದಳು. "ಮಗ ಬರುವ ಮೊದಲೇ ಆಟದ ಸರದಿ ಬಂದರೆ?" ಅಂದೆ. "ಯಾವುದು ಮೊದಲು ಬರುತ್ತದೋ ಬರಲಿ" ಅಂದಳು.

2022ರಲ್ಲಿ ವಕೀಲೆ ಮೂರನೆಯ ಜಾಮೀನು ಅರ್ಜಿ ಹಾಕಿದರು. ಈ ಸಲ 1977ರ ಕಶ್ಮೀರಾ ಸಿಂಗ್ ತೀರ್ಪು ಜೊತೆಗಿಟ್ಟರು. ಅದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರಳ. ಒಬ್ಬನ ಅಪೀಲನ್ನು ಐದಾರು ವರ್ಷವಾದರೂ ಕೇಳಲು ನಮ್ಮಿಂದ ಆಗದಿದ್ದರೆ ಅಷ್ಟು ಕಾಲ ಅವನನ್ನು ಒಳಗಿಡುವುದು ಹೇಗೆ ಸರಿ? ನಾಳೆ ಅವನು ನಿರಪರಾಧಿ ಅಂತ ಆದರೆ ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ? ಇದನ್ನು ಓದಿದ ಮೇಲೆ ಪೀಠದವರು, ಜಾಮೀನು ಯಾಕೆ, ಅಪೀಲನ್ನೇ ಕೇಳಿ ಮುಗಿಸೋಣ ಅಂದರು.

2023ರ ಫೆಬ್ರವರಿಯಲ್ಲಿ ಎರಡು ದಿನ ವಾದ. ಎರಡೂ ದಿನ ಸೇರಿ ಒಂದೂವರೆ ಗಂಟೆ. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಅಪೀಲು ಕೇಳಿದ್ದು ಇಬ್ಬರು ನ್ಯಾಯಮೂರ್ತಿಗಳು. ಒಬ್ಬರು ಪುಟ ತಿರುವಿ ಸರಕಾರಿ ವಕೀಲರನ್ನು ಕೇಳಿದರು, ಹೇಳಿಕೆ ನಂತರ, ಚೂರಿ ಮೊದಲು, ಇದು ಹೇಗೆ? ಬರೆಯುವಾಗ ತಪ್ಪಿರಬಹುದು ಅಂತ ಉತ್ತರ. ಆಮೇಲೆ ಐಸ್ ಪ್ಲಾಂಟಿನ ಒಬ್ಬ ಕೆಲಸಗಾರನ ಸಾಕ್ಷಿ. ತಮ್ಮ ಲಾರಿ ತೆಗೆದುಕೊಂಡು ಹೋದ ಮೇಲೆ ರಾತ್ರಿ ಒಂದು ಗಂಟೆಗೆ ಸತ್ತವನು ಒಬ್ಬನೇ ನಿಂತು ಚಹಾ ಕುಡಿಯುತ್ತಿದ್ದುದನ್ನು ಕಂಡಿದ್ದೇನೆ ಅಂತ ಅವನು 2014ರಲ್ಲೇ ಹೇಳಿದ್ದ. ಅದೂ ಹಾಳೆಯ ಮೇಲೆ ಒಂಬತ್ತು ವರ್ಷ ಸುಮ್ನೆ ಬಿದ್ದಿತ್ತು.

ತೀರ್ಪು ಬಂದದ್ದು ಮಾರ್ಚಿನಲ್ಲಿ. ಖುಲಾಸೆ. ಸಂಶಯದ ಲಾಭ ಅನ್ನುವ ಮಾತೂ ಅದರಲ್ಲಿ ಉಂಟು. ಬಸ್ಸಿನವರಿಗೆ ಹೇಳಬೇಕಿದ್ದದ್ದು ಇದು: ಸಂಶಯದ ಲಾಭ ಅಂದರೆ ಅಂಗಡಿಯವನು ಕೊಡುವ ಡಿಸ್ಕೌಂಟಿನ ಹಾಗೆ ಅಲ್ಲ. ಕಣ್ಣಾರೆ ಕಂಡವರಿಲ್ಲದ ಕೇಸಿನಲ್ಲಿ ಕೊಂಡಿಗೆ ಕೊಂಡಿ ಸೇರಿ ಸರಪಣಿ ಪೂರ್ತಿ ಆಗಬೇಕು, "ಮಾಡಿರಬಹುದು" ಸಾಲದು, "ಮಾಡಿರಲೇಬೇಕು" ಅಂತಾಗಬೇಕು. 1984ರ ಶರದ್ ಸಾರದಾ ತೀರ್ಪಿನಿಂದ ಎಲ್ಲ ಕೋರ್ಟೂ ಹೇಳುವುದು ಅದನ್ನೇ. ನಮ್ಮಲ್ಲಿ ಒಂದು ಕೊಂಡಿ 10.30ಕ್ಕೆ ಇತ್ತು, ಇನ್ನೊಂದು 11.40ಕ್ಕೆ. ಹಾಗಾದರೆ ಕೊಂದವರು ಯಾರು? ನನಗೆ ಗೊತ್ತಿಲ್ಲ. ಎದುರಿನ ಬೆಂಚಿನ ಆ ಹೆಂಗಸಿಗೆ ಈ ತೀರ್ಪಿನಿಂದ ಏನೂ ಸಿಗಲಿಲ್ಲ. ಅವರನ್ನು ನೆನೆದರೆ ನನ್ನ ಸಂತೋಷಕ್ಕೆ ಸ್ವಲ್ಪ ನಾಚಿಕೆಯಾಗುತ್ತದೆ.

ಖುಲಾಸೆ ಆದರೂ ಬಾಂಡ್ ಕೊಡಬೇಕು ಅಂತ ಗೊತ್ತಿತ್ತಾ ನಿಮಗೆ? ಸರಕಾರ ಮೇಲೆ ಹೋದರೆ ಬಂದು ಹಾಜರಾಗುತ್ತೇನೆ ಅಂತ, ಆಗಿನ ಸಿಆರ್‌ಪಿಸಿ 437ಎ ಪ್ರಕಾರ, ಆರು ತಿಂಗಳಿಗೆ, ಶ್ಯೂರಿಟಿ ಸಮೇತ. ನೆರೆಮನೆಯ ಅಣ್ಣ ಏನೂ ಕೇಳದೆ ತನ್ನ ಜಾಗದ ಆರ್‌ಟಿಸಿ ತಂದುಕೊಟ್ಟರು. ಸರಕಾರ ಮೇಲೆ ಹೋಗಲಿಲ್ಲ. ಪರಿಹಾರ ಎಷ್ಟು ಕೊಟ್ಟರು ಅಂತಲೂ ಜನ ಕೇಳುತ್ತಾರೆ. ಹಾಗೆ ಒಳಗಿದ್ದು ಬಂದವರಿಗೆ ಪರಿಹಾರ ಕೊಡಲು ಒಂದು ಕಾನೂನು ಮಾಡಿ ಅಂತ ಕಾನೂನು ಆಯೋಗ 2018ರಲ್ಲೇ ತನ್ನ 277ನೆಯ ವರದಿಯಲ್ಲಿ ಹೇಳಿತ್ತು. ವರದಿ ಬಂದದ್ದಷ್ಟೇ.

ಸಿಕ್ಕಿದ್ದು ಮುದ್ದೆಮಾಲು. ಬಂಧಿಸಿದಾಗ ವಶಪಡಿಸಿಕೊಂಡ ಅವನ ಪರ್ಸ್. ಸಹಿ ಹಾಕಿ ತೆಗೆದುಕೊಂಡೆವು. ಒಳಗೆ ಅಪ್ಪನ ಪಾಸ್‌ಪೋರ್ಟ್ ಸೈಜಿನ ಫೋಟೋ, ಡ್ರೈವಿಂಗ್ ಲೈಸೆನ್ಸ್, ಹಳೆಯ 500ರ ಮೂರು ನೋಟು. ತಮ್ಮ ನೋಟುಗಳನ್ನು ಬಿಡಿಸಿ ನೋಡಿ, "ಅಮ್ಮನಿಗೆ ಬಂಗುಡೆ ತೆಗೆದುಕೊಂಡು ಹೋಗುವ" ಅಂದ. ಇವನಿಗೆ ಶಿಕ್ಷೆ ಆದ ಮುಂದಿನ ತಿಂಗಳೇ, 2016ರ ನವೆಂಬರ್ 8ಕ್ಕೆ, ಆ ನೋಟು ರದ್ದಾಗಿತ್ತು. ಕ್ಯಾಶ್ ಕೌಂಟರಿನಲ್ಲಿ ಕೂರುವವಳು ನಾನು. ಹೇಳಲು ಬಾಯಿ ಬರಲಿಲ್ಲ. "ಇಡು, ನನ್ನ ಹತ್ತಿರ ಚಿಲ್ಲರೆ ಉಂಟು" ಅಂದೆ.

ಬಂಗುಡೆ ಆಯಿತು. ಅಮ್ಮ ಮೀನು ಕೊಯ್ಯಲು ಕೂತಾಗ ಅವನು ಎದ್ದು ಅಂಗಳಕ್ಕೆ ಹೋದ. ಸಾರು ಆದ ಮೇಲೆಯೇ ಒಳಗೆ ಬಂದದ್ದು.

ಈಗ ಅವನು ಶಾಲಾ ವ್ಯಾನ್ ಓಡಿಸಲು ಕೇಳಿದ್ದಾನೆ, ಪೊಲೀಸ್ ವೆರಿಫಿಕೇಶನ್ ಆಗಬೇಕಂತೆ, ತೀರ್ಪಿನ ಪ್ರತಿ ಹಿಡಿದುಕೊಂಡು ಓಡಾಡುತ್ತಿದ್ದೇವೆ. ಆಟದ ಸರದಿ ಇನ್ನೂ ಬಂದಿಲ್ಲ. ತಿಂಗಳಿಗೊಮ್ಮೆಯಾದರೂ ಅಮ್ಮ ಕೇಳುತ್ತಾಳೆ, ಕಟೀಲಿಗೆ ಫೋನ್ ಮಾಡಿದಿಯಾ ಅಂತ. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಒಳಗಿನಿಂದ ಕೂಗುತ್ತಾನೆ, "ಬೋರ್ಡಿಗೆ ಬಂದಿಲ್ಲ ಅಮ್ಮಾ!"