ಆರು ಪೈಪುಗಳ ಲೆಕ್ಕ

ಮಗಳು ಮಣಿಪಾಲದಲ್ಲಿ ಕಾಲೇಜಿಗೆ ಸೇರಿದ ಮೇಲೆ ತೀರ್ಥಹಳ್ಳಿಯಲ್ಲಿರುವ ನಮಗೆ ಕಾರು ಬೇಕೇ ಬೇಕಾಯಿತು. ಹದಿನೈದು ದಿನಕ್ಕೊಮ್ಮೆಯಾದರೂ ಆಗುಂಬೆ ಘಾಟಿ ಇಳಿದು ಹತ್ತಬೇಕು. ಹದಿನಾಲ್ಕು ತಿರುವು, ಜೂನ್ ಬಂತೆಂದರೆ ಮಂಜು, ರಸ್ತೆಗೆ ಅಡ್ಡ ಹರಿಯುವ ನೀರು, ಕೊಳೆತ ತರಗೆಲೆಯ ಲೋಳೆ. ಕೈಯಲ್ಲಿದ್ದ ಹಣಕ್ಕೆ ಹೊಸದು ಬರುವಂತಿರಲಿಲ್ಲ. ಹಳೆಯದಾದರೂ ಸರಿ, ಜೋರಾಗಿ ಒತ್ತಿದಾಗ ಚಕ್ರ ನಿಂತುಹೋಗಿ ಜಾರದಂತೆ ತಡೆಯುವ ಎಬಿಎಸ್ ಬ್ರೇಕ್ ಇರಲೇಬೇಕೆಂದು ಹಟ ಹಿಡಿದೆ.

"ಅದೆಲ್ಲ ಪೇಟೆಯವರ ಶೋಕಿ. ಮೂವತ್ತು ವರ್ಷ ನಾನು ಜೀಪು ಓಡಿಸಿಲ್ಲವೇ?" ಎಂದರು ಭಾವ. ಓಡಿಸಿದ್ದಾರೆ, ನಿಜ. ಒಮ್ಮೆ ರಸ್ತೆ ಬಿಟ್ಟು ಅಡಿಕೆ ತೋಟಕ್ಕೂ ಇಳಿಸಿದ್ದಾರೆ. ಅದನ್ನು ನೆನಪಿಸಲು ಹೋಗಲಿಲ್ಲ. ಕಾರು ನೋಡಲು ಜೊತೆಗೆ ಬರಬೇಕಾದವರು ಅವರೇ.

ಶಿವಮೊಗ್ಗದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಬಳಿ 2010ರ ಡೀಸೆಲ್ ಸ್ವಿಫ್ಟ್ ಇತ್ತು. ಅವರೂ ಅದನ್ನು ಆರು ವರ್ಷಗಳ ಹಿಂದೆ ಬೇರೆಯವರಿಂದ ಕೊಂಡಿದ್ದರು. ಮನುಷ್ಯ ಅಚ್ಚುಕಟ್ಟು. ವಿಮೆಯ ಕಾಗದ, ಹೊಗೆ ತಪಾಸಣೆಯ ಚೀಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಪಿನ್ ಹಾಕಿ ಇಟ್ಟಿದ್ದರು. ಎಬಿಎಸ್ ಇದೆಯೇ ಎಂದು ಕೇಳಿದ್ದಕ್ಕೆ ನಮ್ಮನ್ನು ಕಾರಿನ ಹಿಂಬದಿಗೆ ಕರೆದೊಯ್ದು, ಡಿಕ್ಕಿಯ ಬಾಗಿಲಿನ ಮೇಲಿದ್ದ ಮೂರು ಬೆಳ್ಳಿ ಅಕ್ಷರಗಳನ್ನು ತೋರಿಸಿದರು. "ಬರೆದೇ ಇದೆಯಲ್ಲ ಮೇಡಂ."

ಬರೆದದ್ದನ್ನೆಲ್ಲ ನಂಬಬಾರದೆಂದು ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗಿನ ಕಾರುಗಳಾದರೆ ಈ ಪ್ರಶ್ನೆಯೇ ಏಳುವುದಿಲ್ಲ. ಹೊಸದಾಗಿ ಮಾರುಕಟ್ಟೆಗೆ ಬರುವ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಮೊದಲೇ ಮಾರಾಟದಲ್ಲಿದ್ದವಕ್ಕೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಜರ್ಮನಿಯಲ್ಲಿ 1978ರಲ್ಲೇ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರಿಗೆ ಬಂದಿತ್ತು. ನಮ್ಮಲ್ಲಿ ಅದು ಬಹುಕಾಲ ಹೆಚ್ಚು ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವ ಸೌಲಭ್ಯವಾಗಿತ್ತು. ಆ ಕಾಲದ ಸ್ವಿಫ್ಟ್‌ನಲ್ಲಿ ವಿಡಿಐ ಎಂಬ ಡೀಸೆಲ್ ಮಾದರಿ ಬೇರೆ, ವಿಡಿಐ ಎಬಿಎಸ್ ಬೇರೆ. ಅಕ್ಕಪಕ್ಕ ನಿಲ್ಲಿಸಿದರೆ ಅಕ್ಕತಂಗಿಯರಂತೆ ಕಾಣುತ್ತವೆ. ಫೈಲಿನಲ್ಲಿದ್ದ ಆರ್‌ಸಿಯಲ್ಲೋ ವಿಡಿಐ ಎಂದಷ್ಟೇ ಇತ್ತು.

ಇಗ್ನಿಷನ್ ಆನ್ ಮಾಡಿದರೆ ಎಬಿಎಸ್ ದೀಪ ಹಳದಿಯಾಗಿ ಹೊತ್ತಿ, ಕೆಲವೇ ಕ್ಷಣಗಳಲ್ಲಿ ಆರಬೇಕು ಎಂದು ಮಗಳು ಹೇಳಿಕೊಟ್ಟಿದ್ದಳು. ಕೀಲಿ ತಿರುಗಿಸಿದೆ. ಬ್ಯಾಟರಿ ಹೊತ್ತಿತು, ಎಣ್ಣೆ ಹೊತ್ತಿತು. "ಅಗೋ!" ಎಂದು ಭಾವ ಬೆರಳು ತೋರಿಸಿದ್ದು ಹ್ಯಾಂಡ್‌ಬ್ರೇಕಿನ ಕೆಂಪು ದೀಪವನ್ನು. ಮತ್ತೊಮ್ಮೆ ತಿರುಗಿಸಿದೆ, ಮೂರನೆಯ ಸಲವೂ ತಿರುಗಿಸಿದೆ. ಹಳದಿ ದೀಪ ಬರಲೇ ಇಲ್ಲ.

ಅಲ್ಲಿಗೆ ಎಬಿಎಸ್ ಇಲ್ಲವೆಂದು ನಾನು ತೀರ್ಪು ಕೊಟ್ಟಾಗಿತ್ತು. ಅಧಿಕಾರಿಗಳ ಮುಖ ಸಣ್ಣದಾಯಿತು. ಅವರು ಸುಳ್ಳು ಹೇಳುವವರಂತೆ ಕಾಣಲಿಲ್ಲ ಎಂಬುದೇ ನನಗೆ ಕಸಿವಿಸಿ. ಕೊನೆಗೆ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿಯೇ ಬಿಡೋಣ ಎಂದು ಅವರೇ ಅಂದರು.

ತೀರ್ಥಹಳ್ಳಿ ರಸ್ತೆಯಲ್ಲಿ ನಮ್ಮ ಪರಿಚಯದ ಗ್ಯಾರೇಜು. ಅಲ್ಲಿನ ಹಿರಿಯ ಮೆಕ್ಯಾನಿಕ್ ಅಕ್ಷರಗಳ ಕಡೆ ಕಣ್ಣೂ ಹಾಯಿಸಲಿಲ್ಲ. "ಇದು ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ ಮೇಡಂ. ಬೇಕಾದರೆ ನನ್ನ ಸ್ಕೂಟರಿಗೂ ಅಂಟಿಸುತ್ತೇನೆ" ಎನ್ನುತ್ತ ಬಾನೆಟ್ ಎತ್ತಿದರು. ನಾನು ಜಾಣತನದಿಂದ ಫ್ಯೂಸ್ ಪೆಟ್ಟಿಗೆಯ ಮುಚ್ಚಳದಲ್ಲಿ ಅಚ್ಚಾಗಿದ್ದ ಎಬಿಎಸ್ ಎಂಬ ಪದ ತೋರಿಸಿದೆ. ಅದಕ್ಕೂ ತಲೆಯಾಡಿಸಿದರು. ಎಲ್ಲ ಮಾದರಿಗೂ ಒಂದೇ ಮುಚ್ಚಳ ಹಾಕುವುದುಂಟಂತೆ. ಹೆಸರಿದ್ದ ಮಾತ್ರಕ್ಕೆ ಒಳಗೆ ವಸ್ತು ಇರಬೇಕೆಂದಿಲ್ಲ.

ಆಮೇಲೆ ಅವರು ಬ್ರೇಕ್ ಎಣ್ಣೆಯ ಡಬ್ಬಿಯ ಕೆಳಗೆ ಬೆರಳಿಟ್ಟರು. ಅಲ್ಲಿಂದ ಹೊರಟ ಲೋಹದ ತೆಳು ಪೈಪನ್ನು, ಕಳೆದ ಹೊಲಿಗೆಯ ಎಳೆ ಹುಡುಕುವವರ ಹಾಗೆ, ಬೆರಳ ತುದಿಯಲ್ಲೇ ಹಿಂಬಾಲಿಸಿದರು. ಪೈಪು ಬಾಗಿ, ಒಂದು ವೈರಿನ ಗೊಂಚಲಿನ ಹಿಂದೆ ಮರೆಯಾಯಿತು. ಗೊಂಚಲನ್ನು ಸರಿಸಿದರೆ ಧೂಳು ಮೆತ್ತಿದ ಅಲ್ಯೂಮಿನಿಯಂ ಗಟ್ಟಿ, ಅದರ ಬೆನ್ನಿಗೊಂದು ಪುಟ್ಟ ಮೋಟಾರು. ಬಟ್ಟೆಯಲ್ಲಿ ಒರೆಸಿ, "ಎಣಿಸಿ" ಎಂದರು. ಎಣಿಸಿದೆ: ಆರು ಪೈಪು. ಎರಡು ಒಳಗೆ ಬರುತ್ತವೆ, ನಾಲ್ಕು ಹೊರಗೆ ಹೋಗುತ್ತವೆ, ಚಕ್ರಕ್ಕೊಂದರಂತೆ.

"ಇದೆ ಮೇಡಂ. ಈ ಗಟ್ಟಿಯೇ ಎಬಿಎಸ್. ಕಂಪನಿಯಿಂದಲೇ ಬಂದದ್ದು."

ಹಾಗಾದರೆ ದೀಪವೆಲ್ಲಿ? ಅವರು ನಕ್ಕರು. ದೀಪ ಬರಲಿಲ್ಲವೆಂದರೆ ಎಬಿಎಸ್ ಇಲ್ಲದಿರಬಹುದು, ಇಲ್ಲವೇ ಆರದೆ ಉರಿಯುತ್ತಿದ್ದ ದೀಪವನ್ನು ಯಾರೋ ಮುಚ್ಚಿರಬಹುದು. ಮೀಟರಿನ ಫಲಕ ಬಿಚ್ಚಿದರು. ಎಬಿಎಸ್ ಗುರುತಿನ ಹಿಂದೆ ಉಗುರಿನಷ್ಟು ಕರಿ ಇನ್ಸುಲೇಷನ್ ಟೇಪು, ಅಂಚು ಚದರವಾಗಿ ಕತ್ತರಿಸಿ ನೀಟಾಗಿ ಅಂಟಿಸಿದ್ದು. ಕೆಲಸಗಳ್ಳತನಕ್ಕೂ ಇಷ್ಟು ಅಚ್ಚುಕಟ್ಟು ಬೇಕೇ ಎನ್ನಿಸಿತು. ಟೇಪು ಕಿತ್ತು ಎಂಜಿನ್ ಶುರು ಮಾಡಿದಾಗ ಹಳದಿ ದೀಪ ಹೊತ್ತಿತು, ಆರಲಿಲ್ಲ.

ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದಾಗ ಅದು ಹಿಂದಿನ ಎಡ ಚಕ್ರದ ಸೆನ್ಸರ್ ಎಂದಿತು. ಚಕ್ರ ಬಿಚ್ಚಿ ನೋಡಿದರೆ ವೈರು ತುಂಡಾಗಿ ನೇತಾಡುತ್ತಿತ್ತು. ಎಂದೋ ಯಾವುದೋ ರಿಪೇರಿಯಲ್ಲಿ ಎಳೆದು ಕಿತ್ತಿದ್ದು, ಕಿತ್ತವರು ಜೋಡಿಸುವ ಬದಲು ದೀಪಕ್ಕೆ ಟೇಪು ಹಚ್ಚಿದ್ದು. ಚಕ್ರ ತಿರುಗುತ್ತಿದೆಯೋ ಸಿಕ್ಕಿಕೊಂಡಿದೆಯೋ ಎಂದು ತಿಳಿಸುವ ಕಣ್ಣು ಅದು. ನಾಲ್ಕರಲ್ಲಿ ಒಂದು ಕಣ್ಣು ಹೋದರೂ ಎಬಿಎಸ್ ಕೈಕಟ್ಟಿ ಕೂರುತ್ತದೆ. ಮಾಮೂಲಿ ಬ್ರೇಕು ಮಾತ್ರ ಉಳಿಯುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

"ಹೋದರೆ ಏನಾಗುತ್ತದೆ?" ಭಾವ ಬಿಡಲಿಲ್ಲ. "ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದಾಗ ಪಕ್ಕಕ್ಕೆ ತಿರುಗಲು ಆಗುತ್ತದೆಯೇ ಸಾರ್? ನಿಂತುಹೋದ ಚಕ್ರವೂ ಹಾಗೇ. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ." ಭಾವ ಸುಮ್ಮನಾದರು. ಅಡಿಕೆ ತೋಟ ನೆನಪಾಗಿರಬೇಕು.

ಸೆನ್ಸರಿನ ಖರ್ಚನ್ನು ಬೆಲೆಯಲ್ಲಿ ಕಳೆದುಕೊಂಡು ಕಾರು ಕೊಂಡೆವು. ಹೊಸ ಸೆನ್ಸರ್ ಬಂದ ದಿನ ಮಳೆ ಸುರಿದು ನಿಂತಿತ್ತು. ಊರಾಚೆ ಯಾರೂ ಇಲ್ಲದ ಮಣ್ಣಿನ ಮೈದಾನದಲ್ಲಿ ಮೆಕ್ಯಾನಿಕ್ ಪಕ್ಕದಲ್ಲಿ ಕೂತರು. ಗಂಟೆಗೆ ನಲವತ್ತರ ವೇಗ ಬಂದಾಗ "ಈಗ ಒತ್ತಿ, ಬಿಡಬೇಡಿ!" ಎಂದರು. ಒತ್ತಿದೆ. ಕಾಲಡಿ ಅಮ್ಮನ ಹೊಲಿಗೆ ಯಂತ್ರ ಶುರುವಾದಂತೆ ಪೆಡಲು ದಡದಡ ನಡುಗಿತು, ಮುಂದುಗಡೆ ಎಲ್ಲೋ ಕರಕರ ಸದ್ದು. ಹೆದರಿ ಕಾಲು ತೆಗೆದುಬಿಟ್ಟೆ. "ಅದೇ ತಪ್ಪು" ಎಂದು ಇನ್ನೆರಡು ಸಲ ಮಾಡಿಸಿದರು. ಮೂರನೆಯ ಸಲ ಬ್ರೇಕು ಒತ್ತಿಕೊಂಡೇ ಸ್ಟಿಯರಿಂಗ್ ತಿರುಗಿಸಿದೆ. ಕಾರು ತಿರುಗಿತು! ಸಡಿಲ ಜಲ್ಲಿಯ ಮೇಲೆ ನಿಲ್ಲಲು ಇನ್ನೂ ಹೆಚ್ಚು ದೂರ ಬೇಕಾಗಬಹುದು, ಇದ್ದಷ್ಟು ಧೈರ್ಯ ಸಾಕು ಎಂದು ಇಳಿಯುವಾಗ ಎಚ್ಚರಿಸಿದರು.

ಅಧಿಕಾರಿಗಳಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿ, ಫೋನ್ ಮಾಡಿ ಎಲ್ಲ ವಿವರಿಸಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

"ಅಂದರೆ ಈ ಆರು ವರ್ಷ ಅದು ಕೆಲಸವನ್ನೇ ಮಾಡಿಲ್ಲ."

"ಹೌದು ಸಾರ್."

"ನಮ್ಮವಳ ತವರು ಉಡುಪಿ ಮೇಡಂ. ಪ್ರತಿ ಮಳೆಗಾಲ ಆಗುಂಬೆಯಲ್ಲೇ ಹೋಗುತ್ತಿದ್ದುದು. ಎಬಿಎಸ್ ಇದೆ, ಹೆದರಬೇಡ ಎನ್ನುತ್ತಿದ್ದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಅವಳು ಫೋನ್ ಎತ್ತಿದರೆ ಈ ವಿಷಯ ಎತ್ತಬೇಡಿ" ಎಂದರು.