ಕಾರ್ಡಿಗೆ ಅಂಟಿದ ಬೂದಿ ಯಾರದ್ದು?

ಕಾರವಾರದಲ್ಲಿ ನಿಂತು ಗಾಳಿ ಕೆಟ್ಟಿದೆ ಅಂದರೆ ಜನ ನಗುತ್ತಾರೆ. ಎದುರಿಗೇ ಸಮುದ್ರ ಇದೆಯಲ್ಲ ಅಕ್ಕೋರೇ, ಅಂತಾರೆ. ಅವರ ಮಾತು ಅರ್ಧ ನಿಜ. ಮಧ್ಯಾಹ್ನ ಕಡಲಗಾಳಿ ಬೀಸತೊಡಗಿದರೆ ಹೊಗೆ ನಿಲ್ಲುವುದಿಲ್ಲ. ಆದರೆ ಚಳಿಗಾಲದ ಬೆಳಗ್ಗೆ ಗಾಳಿಯೇ ಆಡುವುದಿಲ್ಲ. ನೆಲದ ಹತ್ತಿರ ತಂಪಾಗಿರುವ ಗಾಳಿ ಮೇಲೇಳದೆ ಅಲ್ಲೇ ಕೂತಿರುತ್ತದೆ. ಅಂಗಡಿ ಮುಂದೆ ಗುಡಿಸಿ ಕಸಕ್ಕೆ ಬೆಂಕಿ ಹಚ್ಚುವ ಹೊತ್ತೂ ಅದೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇಕೋ ಕ್ಲಬ್ ನನ್ನ ತಲೆಗೇ ಬಂದಿದೆ, ವಿಜ್ಞಾನದವರಿಗೆ ಅದು ತಪ್ಪಿದ್ದಲ್ಲ. ಊರಿನ ಗಾಳಿಯನ್ನು ಕಣ್ಣಿಗೆ ಕಾಣಿಸಬೇಕು ಅಂತ ಮಕ್ಕಳ ಜೊತೆ ಹೊರಟೆ. 2018ರಲ್ಲಿ ದೆಹಲಿಯ ಸರ್ ಗಂಗಾರಾಮ್ ಆಸ್ಪತ್ರೆಯ ಹೊರಗೆ ದೊಡ್ಡ ಬಿಳಿ ಶ್ವಾಸಕೋಶದ ಮಾದರಿ ನಿಲ್ಲಿಸಿದ್ದರು. ಕೆಲವೇ ದಿನಗಳಲ್ಲಿ ಅದು ಕಪ್ಪಾಯಿತು. ನಮ್ಮದು ಅಷ್ಟು ದೊಡ್ಡ ಕೆಲಸ ಅಲ್ಲ. ಬಿಳಿ ಡ್ರಾಯಿಂಗ್ ಶೀಟಿನ ತುಂಡು, ಪೆನ್ಸಿಲ್‌ನಲ್ಲಿ ಸೆಂಟಿಮೀಟರ್ ಚೌಕ, ಧೂಳು ಅಂಟಲಿ ಅಂತ ಮೇಲೆ ತೆಳ್ಳಗೆ ವ್ಯಾಸಲೀನ್. ಇದೇ ನಮ್ಮ ಕಾರ್ಡು. ಒಂದು ಕಾರ್ಡು ಶಾಲೆಯ ಬೀರುವಿನೊಳಗೆ, ಹೋಲಿಸಿ ನೋಡಲಿಕ್ಕೆ. ಉಳಿದವು ಹೆದ್ದಾರಿ 66ರ ಬದಿಗೆ, ಮೀನು ಮಾರ್ಕೆಟ್‌ಗೆ, ಗೂಡಂಗಡಿಗಳಿಗೆ.

ಒಂದಕ್ಕೆ ಮಾತ್ರ ಹಟ ಹಿಡಿದೆ. ಕಾರ್ಡನ್ನು ಅಂಗಡಿಯವರೇ ಕಟ್ಟಬೇಕು, ಅವರೇ ಬಿಚ್ಚಬೇಕು, ಹಿಂದೆ ಹೆಸರು ತಾರೀಕು ಅವರೇ ಬರೆಯಬೇಕು. ಮಕ್ಕಳೇ ಕಟ್ಟಿ ತಂದರೆ ಅದು ಶಾಲೆಯ ಪ್ರಾಜೆಕ್ಟ್. ಶಭಾಷ್ ಅಂದು ವಾಪಸ್ ಕೊಡುತ್ತಾರೆ, ಅಲ್ಲಿಗೆ ಮುಗೀತು.

ಹೆದ್ದಾರಿ ಬದಿಯ ಚಹಾ ಅಂಗಡಿಯವರು ಲಾರಿಗಳನ್ನು ಬೈಯುತ್ತಲೇ ಕಾರ್ಡ್ ಕಟ್ಟಿದ್ದರು. ಬಿಚ್ಚಿದ ದಿನ ಮಕ್ಕಳ ಕೈಯಿಂದ ಲೆನ್ಸ್ ಇಸಿದುಕೊಂಡು ನೋಡಿದರು. ಕೆಂಪು ಮಣ್ಣಿನ ಪುಡಿ, ಕಪ್ಪು ಚುಕ್ಕೆಗಳು, ಒಂದು ಸೊಳ್ಳೆ ರೆಕ್ಕೆ. ಜೊತೆಗೆ ಬೂದುಬಣ್ಣದ ತೆಳ್ಳನೆಯ ಚೂರುಗಳು. ಉಗುರು ತಾಗಿಸಿದರೆ ಪುಡಿಯಾದವು.

"ಕಪ್ಪು ಲಾರಿದೇ ಇರಬಹುದು. ಆದ್ರೆ ಈ ಬೂದಿ ನಮ್ದೇ ಅಲ್ವಾ ಅಕ್ಕೋರೇ? ದಿನಾ ಪೇಪರ್ ಕಪ್ ಸುಡ್ತೇವಲ್ಲ."

ನಾನು ಸುಮ್ನೆ ನಿಂತಿದ್ದೆ. ಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದ್ದೂ ಅವರೇ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ. ಅದನ್ನು ನಾನು ಹೇಳಿದ್ದರೆ ಅವರು ಮತ್ತೆ ಲಾರಿಗೇ ಹೋಗುತ್ತಿದ್ದರು. ಈಗ ಕಪ್‌ಗಳು ಚೀಲದಲ್ಲಿ ಕಸದ ಗಾಡಿಗೆ ಹೋಗುತ್ತಿವೆ. ಎಲ್ಲ ದಿನವೂ ಅಲ್ಲ, ಗಾಡಿ ತಡವಾದರೆ ಮತ್ತೆ ಬೆಂಕಿಯೇ.

ಕಾರ್ಡಿಗೆ ಅಂಟುವುದು ದಪ್ಪ ಧೂಳು. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ, ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ ಸೆನ್ಸರ್ ಬೇಕು. ನಮ್ಮ ಕರಾವಳಿಯಲ್ಲಿ ಸೆನ್ಸರ್ ಇಡುವವರು ಪಕ್ಕದಲ್ಲೇ ತೇವಾಂಶವನ್ನೂ ಬರೆದಿಡಿ. ಅಗ್ಗದ ಸೆನ್ಸರ್ ಕಣಗಳ ಮೇಲೆ ಬೆಳಕು ಬಿಟ್ಟು, ಅದು ಎಷ್ಟು ಚದುರಿತು ಅಂತ ಅಳೆಯುತ್ತದೆ. ತೇವ ಜಾಸ್ತಿಯಾದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಸೆನ್ಸರ್ ಮಂಜನ್ನೂ ಧೂಳು ಅಂತಲೇ ಎಣಿಸಿಬಿಡುತ್ತದೆ. ಇನ್ನೊಂದು, ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. ಎರಡೂ 24 ಗಂಟೆಯ ಸರಾಸರಿ. ಒಲೆ ಹಚ್ಚಿದ ಆ ಒಂದು ನಿಮಿಷದ ಅಂಕಿಯನ್ನು ಫೋಟೋ ಹೊಡೆದು, ಈ ಮಿತಿಯ ಜೊತೆ ಹೋಲಿಸಿ ನಗರಸಭೆಗೆ ದೂರು ಒಯ್ದರೆ, ಅಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಮಳೆಗಾಲದಲ್ಲಿ ಕಾರ್ಡ್ ಕಟ್ಟುವುದಿಲ್ಲ, ಎಲ್ಲ ತೊಳೆದು ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಮತ್ತೆ ಶುರು. ಈ ಸಲ ಚಹಾ ಅಂಗಡಿ ಎದುರಿನ ಗ್ಯಾರೇಜಿನವರೂ ಒಂದು ಕಾರ್ಡ್ ಕೇಳಿದ್ದಾರೆ. ಅಲ್ಲಿ ಹಳೆ ಟಯರ್ ಸುಡುವುದು ಬೀದಿಗೆಲ್ಲ ಗೊತ್ತು. ನಾನಂತೂ ಕೇಳಲು ಹೋಗುವುದಿಲ್ಲ, ಕಾರ್ಡ್ ಕೊಡುತ್ತೇನೆ.