ಬಾದಾಮಿಯ ಕಲ್ಲು ಉದುರುವುದೇಕೆ

ಬಾದಾಮಿಯ ಮೂರನೆಯ ಗುಹೆಗೆ ಹೋದಾಗ ನಾನು ಮೊದಲು ನೋಡುವುದು ವಿಷ್ಣುವನ್ನಲ್ಲ, ಕಂಬಗಳ ಬುಡವನ್ನು. ಚಾಲುಕ್ಯ ವಂಶದ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಈ ಗುಹೆ ಕೊರೆದದ್ದು ಮರಳುಗಲ್ಲಿನಲ್ಲಿ. ಮಳೆಗಾಲದಲ್ಲಿ ಅದರ ಸೂಕ್ಷ್ಮ ರಂಧ್ರಗಳಿಗೆ ನೀರು ಇಳಿಯುತ್ತದೆ, ಜೊತೆಗೆ ಕರಗಿದ ಲವಣವೂ. ಬೇಸಿಗೆಯಲ್ಲಿ ನೀರು ಆರುತ್ತದೆ. ಲವಣ ಮಾತ್ರ ಹೊರಮೈಯ ಹಿಂದೆಯೇ ಹರಳುಗಟ್ಟಿ ಮರಳಿನ ಕಣಗಳನ್ನು ಒಳಗಿನಿಂದ ತಳ್ಳುತ್ತದೆ. ಗಾಳಿಯ ತೇವಾಂಶ ಏರಿದರೆ ಆ ಹರಳು ಮತ್ತೆ ಕರಗುತ್ತದೆ, ಇಳಿದರೆ ಮತ್ತೆ ಗಟ್ಟಿಯಾಗುತ್ತದೆ. ಹಗಲು ಹಿಗ್ಗಿ ಇರುಳು ಕುಗ್ಗುವ ಹೊರಪದರ ಇನ್ನಷ್ಟು ಸಡಿಲವಾಗುತ್ತದೆ. ಬರೀ ಧಗೆಗಿಂತ ಈ ಏರಿಳಿತಕ್ಕೇ ನಾನು ಹೆಚ್ಚು ಹೆದರುತ್ತೇನೆ. ಇಂಥ ಕಲ್ಲಿನ ಮೇಲೆ ಹೆಸರು ಗೀಚುವವರನ್ನು ಕಂಡರೆ ಸುಮ್ಮನಿರಲಾಗುವುದಿಲ್ಲ. ಸಿಮೆಂಟಿನ ತೇಪೆಯೂ ಬೇಡವೇ ಬೇಡ: ಅದು ತೇವವನ್ನು ಒಳಗೇ ಕಟ್ಟಿಹಾಕಿ ಪಕ್ಕದ ಮೂಲ ಕಲ್ಲನ್ನೇ ಬೇಗ ಉದುರಿಸುತ್ತದೆ.